ಘಟ್ಟ ಇಳಿಯದ ವ್ಯಾನು

ನನ್ನ ಅಕ್ಕ ಸಮುದ್ರ ನೋಡಿಲ್ಲ. ಇನ್ನು ನೋಡುವುದೂ ಇಲ್ಲ. ಅದಕ್ಕೆ ಕಾರಣ ನಾನು. ಆರನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು, ಬರೆಯುವ ರೂಢಿ ಇಲ್ಲ. ಆದರೂ ಇದನ್ನು ಎಲ್ಲಾದರೂ ಇಳಿಸಿಡದೆ ಇರಲು ಆಗುತ್ತಿಲ್ಲ.

ನಮ್ಮೂರು ಹುಲಗೂರಿನ ಕಡೆ. ಸಂತೆಯ ದಿನ ಶಿಗ್ಗಾಂವಿಗೂ ಸವಣೂರಿಗೂ ನನ್ನ ಹಳೆಯ ವ್ಯಾನಿನಲ್ಲಿ ಜನರನ್ನು ಒಯ್ಯುತ್ತೇನೆ. ಗೋವಿನಜೋಳದ ಸುಗ್ಗಿಯಲ್ಲಿ ಬೇರೆಯವರ ಟ್ರ್ಯಾಕ್ಟರ್ ಹೊಡೆಯುತ್ತೇನೆ. ಇಷ್ಟು ವರ್ಷದಲ್ಲಿ ಒಂದು ಕೋಳಿಗೂ ಗಾಲಿ ತಾಗಿಸಿಲ್ಲ ಎಂದು ಚಹಾದಂಗಡಿಯಲ್ಲಿ ಕೂತು ಹೇಳಿಕೊಳ್ಳುತ್ತಿದ್ದೆ. ನಮ್ಮ ಕಡೆಯ ರಸ್ತೆಗಳೆಲ್ಲ ಅಂಗೈಯಷ್ಟು ಸಪಾಟು ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ತಿಳವಳ್ಳಿ ಅವಳನ್ನು ಕೊಟ್ಟ ಊರು. ನನ್ನನ್ನು ಬಗಲಲ್ಲಿ ಹೊತ್ತು ತಿರುಗುತ್ತಿದ್ದುದರಿಂದ ಅವಳು ಶಾಲೆಯ ಮೆಟ್ಟಿಲು ಹತ್ತಲಿಲ್ಲ. ನಲವತ್ತು ವರ್ಷ ಭತ್ತದ ಗದ್ದೆಯ ಕೆಸರಿನಲ್ಲಿ ನಿಂತವಳು. ಅವಳ ಓಣಿಯ ಹೆಂಗಸರು ಒಮ್ಮೆ ಕುಮಟಾಕ್ಕೆ ಹೋಗಿ ಬಂದಿದ್ದರು. ಅಂದಿನಿಂದ ಅವಳಿಗೆ ಅದೇ ಧ್ಯಾನ.

"ನೀರು ತಾನಾಗೇ ಎದ್ದು ಬಂದು ಕಾಲು ಹಿಡಿತೈತಂತ ತಮ್ಮಾ. ಒಮ್ಮೆ ನೋಡಿ ಸಾಯ್ಬೇಕು."

ಕಳೆದ ವರ್ಷ ಸುಗ್ಗಿ ಮುಗಿದ ಮೇಲೆ ಹೊರಟೆವು. ಅಕ್ಕ, ನನ್ನ ಹೆಂಡತಿ, ನಾನು. ಎಮ್ಮೆ ಬಿಟ್ಟು ಬರಲಾಗದೆ ಅಕ್ಕನ ಗಂಡ ತಿಳವಳ್ಳಿಯಲ್ಲೇ ಉಳಿದ. ಎರಡು ದಿನ ಮೊದಲೇ ಅಕ್ಕ ನಮ್ಮ ಮನೆಗೆ ಬಂದು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದಳು. ಒಂದು ಬೇರೆ ಗಂಟೂ ಇತ್ತು. ನಮ್ಮ ಹೆಣ್ಣುಮಕ್ಕಳು ದೊಡ್ಡ ನೀರಿಗೆ ಬರಿಗೈಯಲ್ಲಿ ಹೋಗುವುದಿಲ್ಲ, ಗಂಗವ್ವನಿಗೆ ಉಡಿ ತುಂಬುತ್ತಾರೆ. ಕುಪ್ಪಸದ ಖಣ, ಹಸಿರು ಬಳೆ, ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ. ಹಾಗೆ ಕಟ್ಟಿದ ಉಡಿಯನ್ನು ತಿರುಗಿ ಮನೆಗೆ ತರಬಾರದು.

"ಅಕ್ಕಾರ, ಅಷ್ಟು ದೊಡ್ಡ ಸಮುದ್ರಕ್ಕ ಇಷ್ಟ ಸಣ್ಣ ಖಣಾ ಸಾಲ್ತೈತೇನ್ರಿ?" ಎಂದಳು ನನ್ನ ಹೆಂಡತಿ.

"ಸಾಲ್ದಿದ್ರ ನಿನ್ನ ಗಂಡನ ಧೋತ್ರ ಹರಿದು ಕೊಡ್ತೇನಿ, ಸುಮ್ನಿರ" ಎಂದಳು ಅಕ್ಕ.

ಹೊರಡುವ ಹಿಂದಿನ ದಿನ ಅಕ್ಕನಿಗೆ ಸವಣೂರಿನ ದೊಡ್ಡ ಹುಣಸೆ ಮರಗಳನ್ನು ತೋರಿಸಿದ್ದೆ. ಮರುದಿನ ಹೊತ್ತು ಹುಟ್ಟುವ ಮೊದಲು ಶಿಗ್ಗಾಂವಿ ದಾಟಿ ಹಾನಗಲ್ಲಿಗೆ ಬಂದು ತಾರಕೇಶ್ವರನ ಗುಡಿಯಲ್ಲಿ ಇಳಿದೆವು. ಚಾವಣಿಯಲ್ಲಿ ಕಲ್ಲಿನ ಕಮಲ ಕೆಳಮುಖವಾಗಿ ಅರಳಿ ನಿಂತಿದೆ. ಅಕ್ಕ ಬಹಳ ಹೊತ್ತು ತಲೆಯೆತ್ತಿ ನೋಡಿದಳು. "ಇದನ್ನ ಕೆತ್ತಿದವರ ಕುತ್ತಿಗಿ ಏನಾಗಿತ್ತೋ ಏನೋ" ಎಂದು ತನ್ನ ಕುತ್ತಿಗೆ ತಿಕ್ಕಿಕೊಂಡಳು. ಆಮೇಲೆ, "ನಡಿ ನಡಿ, ಕಲ್ಲು ಎಲ್ಲೂ ಹೋಗಂಗಿಲ್ಲ" ಎಂದು ಅವಸರ ಮಾಡಿದಳು.

ಬನವಾಸಿಯನ್ನು ಬರುವಾಗ ನೋಡೋಣವೆಂದು ನೆಟ್ಟಗೆ ಶಿರಸಿಗೆ ಹೋದೆವು. ಶಿರಸಿ ದಾಟಿ ಕಾಡು ದಟ್ಟವಾಯಿತು. ದೇವಿಮನೆ ಘಟ್ಟ ಶುರುವಾಗುವ ಮುಂಚೆ ಒಂದು ಚಹಾದಂಗಡಿ ಕಂಡಿತು. ಅವರಿಬ್ಬರನ್ನು ವ್ಯಾನಿನಲ್ಲೇ ಬಿಟ್ಟು ದಾರಿ ನೋಡಿ ಬರುತ್ತೇನೆಂದು ಮುಂದೆ ನಡೆದೆ. ರಸ್ತೆ ಒಮ್ಮೆಲೇ ಕೆಳಗೆ ಬಿದ್ದ ಹಾಗಿತ್ತು. ಒಂದು ಬದಿ ಗುಡ್ಡ ಕಡಿದಿದ್ದರು, ಇನ್ನೊಂದು ಬದಿ ಏನೂ ಇರಲಿಲ್ಲ, ಮರಗಳ ತುದಿಗಳು ನನ್ನ ಕಾಲಿನ ಕೆಳಗೆ ಕಾಣುತ್ತಿದ್ದವು. ತಿರುವಿನಲ್ಲಿ ಒಂದು ಲಾರಿ ಹಿಂದೆ ಸರಿದು, ಮತ್ತೆ ಮುಂದೆ ಬಂದು ತಿರುಗಿತು. ನಾನು ರಸ್ತೆಯ ಅಂಚು ಬಿಟ್ಟು ಗುಡ್ಡದ ಬದಿಗೆ ಒತ್ತಿಕೊಂಡು ಹಿಂದಕ್ಕೆ ನಡೆದೆ.

ಅಂಗಡಿಯವನನ್ನು ಕೇಳಿದೆ. "ಕುಮಟೆಗಾ? ರಸ್ತೆ ಕೆಲಸ ನಡೀತಾ ಉಂಟು, ನಿಧಾನ ಹೋಗಿ. ಬಸ್ಸೆಲ್ಲ ಓಡ್ತಾ ಉಂಟಲ್ಲ" ಎಂದ.

ವ್ಯಾನಿಗೆ ಬಂದು ನಾನು ಹೇಳಿದ್ದು ಬೇರೆ. "ಗುಡ್ಡ ಕಡ್ಯಾಕತ್ತಾರ ಅಕ್ಕಾ. ರಸ್ತಾ ಬಂದ್ ಮಾಡ್ಯಾರಂತ. ಬಿಡಂಗಿಲ್ಲಂತ."

ಅಕ್ಕ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. "ಇಲ್ಲಿಂದ ಎಷ್ಟು ದೂರ ಐತಿ?" ಎಂದು ಕೇಳಿದಳು.

"ಒಂದು ತಾಸು."

ಅದೇ ಹೊತ್ತಿಗೆ ಕೆಳಗಿನಿಂದ ಒಂದು ಬಸ್ಸು ಏದುಸಿರು ಬಿಡುತ್ತ ಹತ್ತಿ ಬಂದು ನಮ್ಮ ಪಕ್ಕದಲ್ಲೇ ಹೋಯಿತು. ಹಣೆಯ ಮೇಲೆ ಕುಮಟಾ-ಶಿರಸಿ ಎಂದು ದಪ್ಪ ಅಕ್ಷರದ ಬೋರ್ಡು. ನನಗೆ ಓದಲು ಬರುತ್ತದೆ. ನನ್ನ ಹೆಂಡತಿಗೂ ಬರುತ್ತದೆ. ಅವಳು ಬೋರ್ಡು ನೋಡಿದಳು, ನನ್ನ ಮುಖ ನೋಡಿದಳು, ಸೆರಗು ಸರಿಮಾಡಿಕೊಂಡಳು. ಅಕ್ಕನೂ ಆ ಬಸ್ಸನ್ನು ನೋಡಿದಳು, ನಡುವಿನ ಯಾವುದೋ ಹಳ್ಳಿಯದು ಅಂದುಕೊಂಡಳೋ ಏನೋ. ಬಸ್ಸು ಅಂತ ಮಾತ್ರ ನೋಡಿದಳು.

"ಬಿಡು ತಮ್ಮಾ, ನಿನ್ನ ಕೈಯಾಗೇನೈತಿ" ಎಂದಳು.

ವ್ಯಾನು ಹಿಂದಕ್ಕೆ ತಿರುಗಿಸಿದೆ. ಬನವಾಸಿಗೆ ಬಂದಾಗ ಬಿಸಿಲು ಇಳಿದಿತ್ತು. ಗುಡಿ ನೋಡುವ ಮನಸ್ಸು ಯಾರಿಗೂ ಇರಲಿಲ್ಲ. ಅಕ್ಕ ವರದಾ ಹೊಳೆಯ ದಂಡೆಗೆ ಇಳಿದು ಗಂಟು ಬಿಚ್ಚಿದಳು.

"ಈ ಹೊಳಿ ಸಮುದ್ರಕ್ಕ ಹೋಗ್ತೈತಲ್ಲೋ? ನಾವು ಮುಟ್ಲಿಲ್ಲ, ಉಡಿಯರ ಮುಟ್ಲಿ."

"ಹೋಗ್ತೈತಿ ಅಕ್ಕಾ" ಎಂದೆ.

ವರದೆ ಆ ಸಮುದ್ರಕ್ಕೆ ಬೆನ್ನು ಮಾಡಿ ನಮ್ಮ ಕಡೆಗೇ ಹರಿಯುತ್ತಾಳೆ. ಹಾನಗಲ್ಲಿನ ಸೀಮೆ ದಾಟಿ ಸವಣೂರಿನ ಸೀಮೆಗೆ ಬರುತ್ತಾಳೆ. ಆ ನೀರಿನಲ್ಲಿ ನಾನು ಎಷ್ಟೋ ಸಲ ವ್ಯಾನು ತೊಳೆದಿದ್ದೇನೆ. ಗೊತ್ತಿದ್ದೂ ಹಾಗೆ ಹೇಳಿದೆ. ಮೊದಲ ಸುಳ್ಳಿಗೆ ಅಂಜಿಕೆಯ ನೆಪವಾದರೂ ಇತ್ತು, ಇದಕ್ಕೆ ಅದೂ ಇರಲಿಲ್ಲ. ಅಕ್ಕ ಕೈಮುಗಿದು, ಖಣ ತೇಲಿ ಹೋಗುವ ತನಕ ನಿಂತಿದ್ದಳು.

ತಿಳವಳ್ಳಿಯಲ್ಲಿ ಅವಳನ್ನು ಇಳಿಸುವಾಗ ಓಣಿಯವರು ಸುತ್ತುವರಿದು ಕೇಳಿದರು. "ರಸ್ತಾ ಬಂದ್ ಇತ್ರೆವ್ವಾ. ಪಾಪ, ನಮ್ಮ ತಮ್ಮ ಬಾಳ ತ್ರಾಸ ತಗೊಂಡ" ಎಂದಳು. ನಾನು ಗಾಲಿಯ ಗಾಳಿ ನೋಡುವವನಂತೆ ಬಗ್ಗಿದೆ.

ಬರುವ ವರ್ಷ ಹೋಗೋಣ ಅಂದಿದ್ದೆ. ನಾಲ್ಕು ತಿಂಗಳಿಗೆ ಅಕ್ಕನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ತೊದಲುತ್ತದೆ. ದೂರದ ಪ್ರಯಾಣ ಬೇಡವೇ ಬೇಡ ಎಂದಿದ್ದಾರೆ ಡಾಕ್ಟರು. ವಾರಕ್ಕೊಮ್ಮೆ ನಾನೇ ಅದೇ ವ್ಯಾನಿನಲ್ಲಿ ಅವಳನ್ನು ಹಿರೇಕೆರೂರಿಗೆ ಕೈಕಾಲಿನ ವ್ಯಾಯಾಮ ಮಾಡಿಸಲು ಒಯ್ಯುತ್ತೇನೆ.

ಎರಡು ತಿಂಗಳ ಹಿಂದೆ ಹಾಗೆ ಹೋಗುವಾಗ ಹಿಂದಿನ ಸೀಟಿನಿಂದ ಮೆಲ್ಲಗೆ ಕೇಳಿದಳು.

"ಅವತ್ತು ಘಟ್ಟ ಬಂದ್ ಇರ್ಲಿಲ್ಲಂತಲ್ಲೋ."

ಓಣಿಯ ಹುಡುಗಿಯೊಬ್ಬಳನ್ನು ಶಿರಸಿಗೆ ಕೊಟ್ಟಿದ್ದಾರೆ. ಬಾಣಂತನಕ್ಕೆ ಬಂದವಳು ಮಾತಿಗೆ ಮಾತು ಬಂದು, ಆ ಸಮಯದಲ್ಲಿ ತನ್ನ ಗಂಡ ದಿನಾ ಅದೇ ದಾರಿಯಲ್ಲಿ ಬಸ್ಸಿಗೆ ಓಡಾಡುತ್ತಿದ್ದ ಎಂದಿದ್ದಳಂತೆ.

ನಾನು ಗೇರು ಬದಲಿಸಿದೆ.

"ಅಂಜಿದ್ದೇನೋ?"

"ಹೂಂ ಅಕ್ಕಾ."

ಬೈಯುತ್ತಾಳೆ ಎಂದು ಕಾದೆ. "ಹಂಗಂತ ಒಂದು ಮಾತು ಹೇಳ್ಬಾರ್ದೇನೋ ಹುಚ್ಚಾ. ವ್ಯಾನು ಅಲ್ಲೇ ಬಿಟ್ಟು ಬಸ್ಸಿಗೆ ಹೋಗ್ತಿದ್ವಲ್ಲ" ಎಂದಳು.

ಬಸ್ಸು ನನ್ನ ಕಣ್ಣ ಮುಂದೆಯೇ ಹೋಗಿತ್ತು. ಅದರಲ್ಲಿ ಹೋಗಬಹುದೆಂದು ನನಗೆ ಹೊಳೆದಿರಲಿಲ್ಲ. ಅದನ್ನು ಅಕ್ಕನಿಂದ ಮುಚ್ಚಿಡುವುದಷ್ಟೇ ಹೊಳೆದಿತ್ತು.

"ನೀನರ ನೋಡೀಯೇನು ಸಮುದ್ರಾ?" ಎಂದಳು.

"ಇಲ್ಲಕ್ಕಾ."

"ಹಂಗಾರ ಬಸ್ಸಿಗೆ ಹೋಗಿ ನೋಡಿ ಬಾ. ಬಂದು ನನಗ ಹೇಳು."

ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

ನಾನು ಇನ್ನೂ ಹೋಗಿಲ್ಲ. ಬಸ್ಸಿನಲ್ಲಿ ಘಟ್ಟ ಇಳಿಯಲು ಅಂಜಿಕೆಯೇನಿಲ್ಲ. ನೀರು ಕಾಲು ಹಿಡಿದದ್ದನ್ನು ಅವಳ ಮಂಚದ ಹತ್ತಿರ ಕೂತು ಹೇಗೆ ಹೇಳಲಿ? ಪ್ರತಿ ವಾರ ವ್ಯಾನು ಹತ್ತಿಸುವಾಗ ನನ್ನ ಹೆಗಲಿಗೆ ಜೋತುಬಿದ್ದು, ಹೋಗಿದ್ದೇನೋ ಎಂದು ಕೇಳುತ್ತಾಳೆ. ಮೊನ್ನೆಯೂ ಕೇಳಿದಳು. ಇಲ್ಲ ಎಂದು ಹೇಳಿ, ಅವಳ ಬಲಗಾಲನ್ನು ಎತ್ತಿ ಒಳಗಿಟ್ಟು, ಬಾಗಿಲು ಹಾಕಿದೆ.