ತಾಳ್ರೀ ಸಾಹೇಬರು

ನಮ್ಮ ಆಫೀಸಿನಲ್ಲಿ ಅವರಿಗೆ 'ತಾಳ್ರೀ ಸಾಹೇಬರು' ಎಂದೇ ಹೆಸರು. ಟಿವಿ ರಿಮೋಟ್ ಒತ್ತಿದಾಗ ಹೊರಡುವ ಕಣ್ಣಿಗೆ ಕಾಣದ ಮಿಣುಕುಗಳನ್ನು ಓದಿಕೊಳ್ಳುವ ಡ್ರೈವರ್ ಎಂಬ ಪ್ರೋಗ್ರಾಂ ಬರೆಯುವುದು ಅವರ ಕೆಲಸ. ಮಿಣುಕು ನಿಂತ ಮೇಲೆ ಎಷ್ಟು ಹೊತ್ತು ಕಾದು ಸಿಗ್ನಲ್ ಮುಗಿಯಿತು ಎನ್ನಬೇಕು ಎಂಬ ಆ ಒಂದು ಟೈಮ್‌ಔಟನ್ನು ಹತ್ತು ವರ್ಷದಿಂದ ತಿದ್ದುತ್ತಲೇ ಇದ್ದಾರೆ. "ಆತುರ ಬಿದ್ರೆ ಅರ್ಧ ಮಾತೇ ಕೇಳ್ಸೋದು. ತೀರಾ ತಡ ಮಾಡಿದ್ರೆ ಎರಡು ಮಾತು ಕಲಸಿ ಹೋಗತ್ತೆ. ತಾಳ್ರೀ, ನೋಡೋಣ" ಎನ್ನುತ್ತಾರೆ. ಈ ಚಾಳಿ ಅವರ ಬಾಯಿಗೂ ಅಂಟಿದೆ. ಕಾಫಿ ಬೇಕಾ ಎಂದರೆ, ನಾವು ಇನ್ನೇನಾದರೂ ಸೇರಿಸುತ್ತೇವೇನೋ ಎಂದು ಕಾಯುತ್ತಾರೆ. ಅವರು "ಹೂಂ" ಎನ್ನುವಷ್ಟರಲ್ಲಿ ಲೋಟದಲ್ಲಿದ್ದದ್ದು ಆರಿರುತ್ತದೆ. ಒಮ್ಮೆ ಮ್ಯಾನೇಜರು ಬೈದು ಮುಗಿಸಿದರೂ ಇವರು ತುಟಿ ಬಿಚ್ಚದೆ ನಿಂತಿದ್ದು, ಕೊನೆಗೆ ಮ್ಯಾನೇಜರೇ "ತಪ್ಪಾಯ್ತು ಬಿಡ್ರಿ" ಎಂದದ್ದೂ ಉಂಟು. ಮೊನ್ನೆ ಅವರ ಮನೆಗೆ ಹೋಗಿದ್ದೆ. ಪಾರ್ಶ್ವವಾಯು ಹೊಡೆದ ಅವರ ಅತ್ತೆ ಮಂಚದ ಮೇಲೆ ಕೂತಿದ್ದರು. ನನ್ನನ್ನು ನೋಡಿ "ನಂಗೆ..." ಎಂದು ನಿಲ್ಲಿಸಿದರು. ಸಾಹೇಬರ ಹೆಂಡತಿ ಓಡಿ ಬಂದು "ನೀರಾ ಅಮ್ಮಾ? ಮಾತ್ರೆನಾ? ಮಲಗ್ತೀಯಾ?" ಎಂದು ಕೇಳಿದರು. ಸಾಹೇಬರು ಹೆಂಡತಿಗೆ "ತಾಳೇ" ಎಂದು ಕೈ ಎತ್ತಿ, ಕೋಣೆಯಲ್ಲಿದ್ದ ಒಂದೇ ಕುರ್ಚಿಯನ್ನು ಮಂಚದ ಬಳಿ ಎಳೆದುಕೊಂಡು ಕೂತರು. ಗಡಿಯಾರ ಟಿಕ್ ಟಿಕ್ ಎನ್ನುತ್ತಲೇ ಇತ್ತು. ಬಹಳ ಹೊತ್ತಿನ ಮೇಲೆ ಅತ್ತೆ ಮಾತು ಮುಂದುವರಿಸಿದರು: "...ಏನೂ ಬೇಡ. ಬಂದೋರಿಗೆ... ಆ ಕುರ್ಚಿ ಕೊಡಿ." ಅಳಿಯ ಆಗಲೂ ಏಳಲಿಲ್ಲ. ಅತ್ತೆಯ ಮಾತು ಇನ್ನೂ ಇರಬಹುದು ಎಂದು ಅವರ ತುಟಿಯನ್ನೇ ನೋಡುತ್ತಿದ್ದರು. ನಾನೂ ನಿಂತೇ ಕಾದೆ.