ಗೋಡೆಯಾಚೆಯ ಶಾಲೆ

ಇದ್ದಿಲ ಪುಡಿಗೆ ತೊಂಡೆ ಎಲೆ ಹಾಕಿ ಅರೆದ ವಾಸನೆ ಇವತ್ತು ಬೆಳಿಗ್ಗೆ ಮತ್ತೆ ಬಂತು. ಪಕ್ಕದ ಮನೆಯಲ್ಲಿ ಕರಿಹಲಗೆಗೆ ಬಳಿಯುತ್ತಿದ್ದಾರೆ. ಎಲೆ ನನ್ನ ಹಿತ್ತಲಿನದೇ. ಹೊಲಿಗೆ ಯಂತ್ರ ತುಳಿಯುತ್ತಿದ್ದ ಕಾಲು ತಾನಾಗಿ ನಿಂತಿತು... ಟೀಚರಮ್ಮ ನೆನಪಾದರು.

ಕೊಟ್ಟೂರಿನ ನಮ್ಮ ಓಣಿಯಲ್ಲಿ ಅವರ ಮನೆಗೂ ನನ್ನ ಮನೆಗೂ ನಡುಗೋಡೆ ಒಂದೇ. ಆ ಕಡೆ ಅವರ ಹಲಗೆ, ಈ ಕಡೆ ನನ್ನ ಯಂತ್ರ. ಓಣಿಗೆಲ್ಲ ಅದೊಂದೇ ಕ್ರೈಸ್ತರ ಮನೆ. ಗಂಡ ಮೋಟರ್ ವೈಂಡಿಂಗ್ ಮಾಡುವವರು, ಮಾತು ಕಡಿಮೆ. ಟೀಚರಮ್ಮ ಯಾವ ಶಾಲೆಯ ಟೀಚರೂ ಅಲ್ಲ. ತಮ್ಮಿಬ್ಬರು ಮಕ್ಕಳಿಗೆ ಮನೆಯಲ್ಲೇ ಕಲಿಸುತ್ತಿದ್ದರು, ಅದಕ್ಕೇ ಓಣಿ ಇಟ್ಟ ಹೆಸರು ಅದು.

ಮಗನಿಗೆ ಮೂರ್ಛೆ ರೋಗ. ಶಾಲೆಯಲ್ಲಿ ಬಿದ್ದಾಗಲೆಲ್ಲ ಒಬ್ಬರು ಕೈಗೆ ಕಬ್ಬಿಣ ಕೊಡುವುದು, ಇನ್ನೊಬ್ಬರು ಮೂಗಿಗೆ ಚಪ್ಪಲಿ ಹಿಡಿಯುವುದು. ಕೊನೆಗೆ, ತಾಯಿತ ಕಟ್ಟಿಸಿ ಕಳಿಸಿ ಎಂದರಂತೆ. ಮಾತ್ರೆ ಕೊಡುತ್ತೇನೆ, ಪ್ರಾರ್ಥನೆ ಮಾಡುತ್ತೇನೆ, ತಾಯಿತ ಮಾತ್ರ ಕಟ್ಟಿಸುವುದಿಲ್ಲ ಎಂದು ಈಕೆ ಹುಡುಗನ ಕೈಹಿಡಿದು ಮನೆಗೆ ಕರೆತಂದರು. ತನ್ನ ಅಕ್ಕ ಜೊತೆಗೆ ಕೂರದಿದ್ದರೆ ಅವನು ಒಂದಕ್ಷರ ಬರೆಯುತ್ತಿರಲಿಲ್ಲ. ಹಾಗಾಗಿ ಚೆನ್ನಾಗಿ ಓದುತ್ತಿದ್ದ ಮಗಳನ್ನೂ ಶಾಲೆ ಬಿಡಿಸಿದರು. ಊರ ಬಾಯಿಗೆ ಮುಚ್ಚಳ ಉಂಟೇ? 'ಏಸಪ್ಪನ ಸಾಲಿ' ಎಂದು ಓಣಿ ಆಡಿಕೊಂಡಿತು.

ಆದರೆ ಅದು ಆಟದ ಶಾಲೆಯಾಗಿರಲಿಲ್ಲ. ಬೆಳಿಗ್ಗೆ ಒಂದು ಹಾಡು, ಪ್ರಾರ್ಥನೆ. ಮಕ್ಕಳು ಒಬ್ಬೊಬ್ಬರೂ ಎದ್ದು ನಿಂತು ಬೈಬಲಿನ ಒಂದು ವಾಕ್ಯ ಬಾಯಿಪಾಠ ಒಪ್ಪಿಸಬೇಕು. ಆಮೇಲೆ ಗೋಡೆಯ ಮೇಲೆ ಸೀಮೆಸುಣ್ಣದ ಟಕಟಕ. ಭಾನುವಾರ ಬಿಟ್ಟರೆ ರಜೆ ಎಂಬುದಿಲ್ಲ. ಕೇಳಿ ಕೇಳಿ ನನಗೇ ಹದಿನಾರರ ಮಗ್ಗಿ ಬಂದುಬಿಟ್ಟಿತ್ತು.

ಮಗಳನ್ನು ಹತ್ತನೆಯ ತರಗತಿ ಪರೀಕ್ಷೆಗೆ ಹೊರಗಿನಿಂದ ಕಟ್ಟಿಸಿದ ವರ್ಷ, ಒಂದು ದಿನ ರವಿಕೆಗಳನ್ನು ತಂದು ಎಡಗಡೆ ಸಡಿಲ ಮಾಡಿಕೊಡಿ ಎಂದರು. ಸ್ವಲ್ಪ ದಿನಕ್ಕೆ ಮತ್ತೆ ಬಂದರು, ಮತ್ತೆ ಅದೇ ಎಡಗಡೆ. ಅಳತೆ ಪಟ್ಟಿ ಹಿಡಿದ ನನ್ನ ಕೈಗೆ ಎದೆಯಲ್ಲಿನ ಗಂಟು ತಾಗಿತು.

"ಇದು ಯಾವಾಗಿಂದ ಐತ್ರಿ?" ಎಂದೆ.

"ಇರ್ಲಿ ಬಿಡ್ರಿ ಅಕ್ಕಾರ. ಆಕಿ ಪರೀಕ್ಷೆ ಮುಗೀಲಿ, ದಾವಣಗೆರಿಗೆ ಹೋಗಿ ತೋರಿಸ್ತೀನಿ."

ನನ್ನದು ಸುಮ್ಮನಿರುವ ಬಾಯಲ್ಲ. ಬೈದೆ. ಅವರ ಗಂಡನಿಗೂ ಹೇಳಿದೆ, ಆತ ಕೈಮುಗಿದು ಕೇಳಿಕೊಂಡರಂತೆ. ಆಕೆ ಜಗ್ಗಲಿಲ್ಲ.

"ಬ್ಯಾರೆ ಸಾಲ್ಯಾಗ ಒಬ್ಬ ಮಾಸ್ತರ ಮಲಗಿದ್ರ ಇನ್ನೊಬ್ರು ಬರ್ತಾರ. ನಾ ಮಲಗಿದ್ರ ಈ ಸಾಲಿಗೆ ಬೀಗಾನ. ತಮ್ಮನ ಸಲುವಾಗಿ ಆಕಿನ್ನ ಸಾಲಿ ಬಿಡ್ಸೀನಿ. ಆಕಿ ಪಾಸಾಗಿ ಮುಂದ ಓದ್ಲಿಲ್ಲಂದ್ರ ಕರ್ತನ ಮುಂದ ಹೆಂಗ್ ನಿಂದರ್ಲಿ?"

ನಿಮ್ಮ ಕರ್ತನೇನು ಮಾರ್ಕ್ಸು ನೋಡಿಕೊಂಡು ಕೂತಿರುತ್ತಾನೇನು ಎಂದು ರೇಗಿದೆ. ನಕ್ಕುಬಿಟ್ಟರು.

ಆ ಚಳಿಗಾಲವೆಲ್ಲ ಗೋಡೆಯಾಚೆಯ ದನಿ ಇಳಿಯುತ್ತಾ ಹೋಯಿತು. ಸೀಮೆಸುಣ್ಣ ನಡುನಡುವೆ ನಿಲ್ಲುತ್ತಿತ್ತು... ನಾನೂ ಯಂತ್ರ ನಿಲ್ಲಿಸಿ ಕಿವಿಗೊಡುತ್ತಿದ್ದೆ. ಮತ್ತೆ ಟಕಟಕ ಕೇಳಿದರೆ ಜೀವ ಬಂದಂತಾಗುತ್ತಿತ್ತು.

ಪರೀಕ್ಷೆ ಮುಗಿದ ಮೇಲೆ ದಾವಣಗೆರೆಗೆ ಹೋದರು. ಅಷ್ಟರಲ್ಲಿ ಕೈ ಮೀರಿತ್ತು, ಎಲುಬಿಗೆಲ್ಲ ಹಬ್ಬಿತ್ತು. ಮಗಳು ಒಳ್ಳೆಯ ಅಂಕ ಪಡೆದು ಪಾಸಾದಳು. ಹಾಸಿಗೆಯಲ್ಲಿದ್ದ ತಾಯಿಗೆ ಮೊಬೈಲಿನಲ್ಲಿ ತೋರಿಸಿದಾಗ ಆಕೆಗೆ ಓದಲಾಗಲಿಲ್ಲ, ಮಗಳೇ ಒಂದೊಂದು ವಿಷಯವಾಗಿ ಓದಿ ಹೇಳಿದಳು. ಆಮೇಲೆ ಟೀಚರಮ್ಮ ಬಹಳ ದಿನ ಉಳಿಯಲಿಲ್ಲ. ಮಣ್ಣಿಗೆ ನಾನೂ ಹೋಗಿದ್ದೆ. ಅವರ ಚರ್ಚಿನ ಸಭೆಯವರು ಹಾಡು ಹೇಳಿದರು. ಹುಡುಗ ಹಾಡು ಮುಗಿದ ಮೇಲೂ ವಾಕ್ಯ ಒಪ್ಪಿಸಲು ಎದ್ದು ನಿಂತೇ ಇದ್ದ.

ಗೋಡೆ ಸುಮ್ಮನಾಯಿತು. ಕಾಲೇಜು ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಹಾಡು ಕೇಳಿತು, ಪ್ರಾರ್ಥನೆ ಕೇಳಿತು, ಆಮೇಲೆ ಟಕಟಕ. ಎದ್ದು ಓಡಿದೆ. ಹಲಗೆಯ ಮುಂದೆ ಮಗಳು ನಿಂತಿದ್ದಳು.

"ಕಾಲೇಜಿಗೆ ಹೋಗಂಗಿಲ್ಲೇನ?" ಎಂದೆ.

"ನಾ ಹೋದ್ರ ಸಾಲಿಗೆ ಬೀಗಾನ ಅಲ್ರಿ ಆಂಟಿ."

ತಮ್ಮನನ್ನು ನಾನು ನೋಡಿಕೊಳ್ಳುತ್ತೇನೆ ಎಂದೆ. ನೋಡಿಕೊಳ್ಳುವವರು ಸಿಗುತ್ತಾರೆ, ಕಲಿಸುವವರು ಯಾರು ಎಂದಳು. ಅವಳ ಅಪ್ಪ ಹೇಳಿದರು, ಸಭೆಯವರು ಹೇಳಿದರು, ಪ್ರತಿ ಜೂನಿನಲ್ಲೂ ನಾನು ಹೇಳಿದೆ. ತಾಯಿಯ ಹಾಗೇ ಮಗಳು, ಜಗ್ಗಲಿಲ್ಲ.

ನನಗೆ ಇವತ್ತಿಗೂ ಸಿಟ್ಟಿದೆ. ಟೀಚರಮ್ಮ ಹೋದರು, ಯಾವುದಕ್ಕಾಗಿ ಹೋದರೋ ಅದೂ ಕೈಗೆ ಬರಲಿಲ್ಲ. ತೊಂಡೆ ಬಳ್ಳಿಯನ್ನು ಬೇರು ಸಮೇತ ಕಿತ್ತು ಬಿಸಾಡಬೇಕು ಅನ್ನಿಸುತ್ತದೆ. ಹುಡುಗಿ ಬಂದು "ನಾಕು ಎಲಿ ಹರ್ಕೊಳ್ಳಲೇನ್ರಿ" ಎಂದರೆ ನಾನೇ ಎಳೆಯವನ್ನು ಆರಿಸಿ ಕೊಡುತ್ತೇನೆ.

ಮೊನ್ನೆ ತಾಯಿಯ ರವಿಕೆಗಳನ್ನು ತಂದಿಟ್ಟು ಹೋಗಿದ್ದಾಳೆ, ತನ್ನ ಅಳತೆಗೆ ಮಾಡಿಕೊಡಿ ಎಂದು. ಇವತ್ತು ಒಂದನ್ನು ಕೈಗೆತ್ತಿಕೊಂಡೆ. ಎಡಗಡೆ ನಾನು ಬಿಚ್ಚಿದ ಹೊಲಿಗೆಯ ತೂತುಗಳು ಇನ್ನೂ ಮುಚ್ಚಿಲ್ಲ. ಗೋಡೆಯಾಚೆ ಹಲಗೆ ಒಣಗಿರಬೇಕು, ಟಕಟಕ ಶುರುವಾಗಿದೆ. ನಾನು ಅದೇ ತೂತುಗಳ ಮೇಲೆ ಮತ್ತೆ ಹೊಲಿಗೆ ಹಾಕುತ್ತಿದ್ದೇನೆ.