ಹೆಪ್ಪುಗಟ್ಟಿದ ನೆಲದಲ್ಲಿ ಪಾಯ

ಯಶವಂತಪುರದ ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ಒಂದು ಕೋಲ್ಡ್ ಸ್ಟೋರೇಜ್ ಇತ್ತು. ಅದರ ಕೊನೆಯ ಕೋಣೆಯಲ್ಲಿ ಹಸಿ ಬಟಾಣಿ ಇಡುತ್ತಿದ್ದರು. ಅಲ್ಲಿ ವರ್ಷವಿಡೀ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗಿನ ಚಳಿ. ಆ ಕೋಣೆಯ ನೆಲ ಉಬ್ಬಿ, ಬಾಗಿಲ ಪಕ್ಕದ ಕಬ್ಬಿಣದ ಕಂಬವನ್ನು ಎರಡು ಬೆರಳಿನಷ್ಟು ಮೇಲಕ್ಕೆತ್ತಿತ್ತು. ಕಂಬದ ಬುಡದಲ್ಲಿ ಅಗೆದು, ಹೆಪ್ಪುಗಟ್ಟದ ಮಣ್ಣು ಸಿಗುವವರೆಗೆ ಇಳಿದು, ಹೊಸ ಪಾಯ ಹಾಕಿಕೊಡುವ ಕೆಲಸವನ್ನು ನಾನು ಒಪ್ಪಿಕೊಂಡಿದ್ದೆ. ಅಗೆಯುತ್ತಿದ್ದವರು ಸೋಲದೇವನಹಳ್ಳಿಯ ಮೇಸ್ತ್ರಿ. ಅವರು ನನಗಿಂತ ಹತ್ತು ವರ್ಷ ಹಿರಿಯರು. ಗಾರೆ ಮಾಡಿದ ಗೋಡೆಯ ಮೇಲೆ ಬೆರಳಾಡಿಸಿ, ಎಲ್ಲಿ ತಗ್ಗು ಎಲ್ಲಿ ಉಬ್ಬು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದರು.

ನೆಲ ಯಾಕೆ ಉಬ್ಬಿತೆಂದು ನನಗೆ ಮೊದಲ ದಿನವೇ ಗೊತ್ತಾಗಿತ್ತು. ಇಂಥ ಕೋಣೆಯ ಕೆಳಗೆ ಗಾಳಿಯಾಡಲು ಪೈಪುಗಳನ್ನು ಹಾಸಿರುತ್ತಾರೆ. ಚಳಿ ಮಣ್ಣಿಗೆ ಇಳಿಯದಂತೆ ಅವು ತಡೆಯುತ್ತವೆ. ಕೆಲವು ವರ್ಷಗಳ ಹಿಂದೆ ಆ ಪೈಪುಗಳಲ್ಲಿ ಹೆಗ್ಗಣ ಸೇರಿಕೊಂಡವೆಂದು ಇದೇ ಸ್ಟೋರಿನವರು ನನ್ನನ್ನು ಕರೆಸಿದ್ದರು. ಹಳೆಯ ಚರಂಡಿ ಪೈಪಿರಬೇಕು ಎಂದುಕೊಂಡು, ಅವುಗಳ ಬಾಯಿಗೆ ಸಿಮೆಂಟು ಮೆತ್ತಿಸಿಬಿಟ್ಟೆ. ಹೆಗ್ಗಣ ಹೋದವು. ಕೆಳಗಿನ ಮಣ್ಣು ನಿಧಾನವಾಗಿ ಮಂಜುಗಡ್ಡೆಯಾಗಿ ಉಬ್ಬಿತು. ವರ್ಷವಿಡೀ ನೆಲ ಹೆಪ್ಪುಗಟ್ಟಿರುವ ದೇಶಗಳಲ್ಲಿ ಮನೆಯನ್ನು ನೆಲದಿಂದ ಎತ್ತಿ ಕಂಬಗಳ ಮೇಲೆ ಕಟ್ಟಿ, ಅಡಿಯಲ್ಲಿ ಗಾಳಿ ಹರಿಯಲು ಬಿಡುತ್ತಾರೆಂದು ಆಮೇಲೆ ಓದಿದೆ.

ಮೂರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಒಳಗೆ ಹೋದೆವು. ಇಪ್ಪತ್ತು ನಿಮಿಷ ಒಳಗೆ, ಹತ್ತು ನಿಮಿಷ ಹೊರಗೆ, ಇದು ನಮ್ಮ ಲೆಕ್ಕ. ಬಟಾಣಿ ಕರಗಬಾರದೆಂದು ನಾವು ಒಳಗಿರುವಾಗ ಬಾಗಿಲು ಮುಚ್ಚಿರಬೇಕಿತ್ತು.

"ಇದೇನ್ ಸಾ, ಮಣ್ಣಾ ಕಬ್ಬಿಣಾನಾ? ಆರೆ ಆಕಿದ್ರೆ ಕಿಡಿ ಬತ್ತದೆ," ಎಂದರು ಮೇಸ್ತ್ರಿ.

ಬಿಸಿನೀರು ಹಾಕಿ ನೋಡೋಣವೇ ಎಂದು ಕೇಳಿದರು. ಹಾಕಿ ಎಂದೆ. ನೀರು ಬಿದ್ದ ಕಡೆ ಮಣ್ಣು ಒಂದು ಕ್ಷಣ ಕೆಸರಾಯಿತು. ಅವರ ಬಟ್ಟೆಯ ಗ್ಲೌಸು ನೆನೆಯಿತು. ಆ ಒದ್ದೆ ಗ್ಲೌಸಿನಲ್ಲೇ ಕಬ್ಬಿಣದ ಹಾರೆ ಹಿಡಿದು ಅಗೆದರು. ಅದನ್ನು ನಾನು ನೋಡಿದೆ, ಗ್ಲೌಸು ಬದಲಿಸಿ ಎನ್ನಲಿಲ್ಲ.

ಹೊರಗೆ ಹೋಗುವ ಹೊತ್ತಾಯಿತೆಂದು ನಾನು ಬಾಗಿಲು ಎಳೆದೆ. ಅದು ಹಳಿಯ ಮೇಲೆ ಪಕ್ಕಕ್ಕೆ ಜರುಗುವ ದಪ್ಪ ಬಾಗಿಲು. ನಾಲ್ಕು ಬೆರಳಿನಷ್ಟು ಸರಿದು ನಿಂತಿತು. ಇಬ್ಬರೂ ಸೇರಿ ಎಳೆದೆವು. ನಾವು ಬುಡ ಅಗೆದ ಕಂಬ ಬಾಗಿಲ ಕಡೆಗೆ ಒಂಚೂರು ವಾಲಿ, ಮೇಲಿನ ಹಳಿಯನ್ನು ಕಚ್ಚಿ ಹಿಡಿದಿತ್ತು. ನಾನು ಹಾರೆ ತೆಗೆದುಕೊಂಡು ಸಂದಿಗೆ ತುರುಕಲು ಹೋದೆ. ಮೇಸ್ತ್ರಿ ತಡೆದರು.

"ಮೀಟ್ಬೇಡಿ ಸಾ. ಈ ಕಂಬದ ಮ್ಯಾಲೇ ಚಾವಣಿ ಕುಂತದೆ. ಒರಗಿಂದ ಆಸರೆ ಕೊಡೋಗಂಟ ಮುಟ್ಟಂಗಿಲ್ಲ."

ಅವರು ಹೇಳಿದ್ದು ಸರಿಯಿತ್ತು. ಕೈಯಲ್ಲಿ ಹಾರೆ, ಮುಂದೆ ನಾಲ್ಕು ಬೆರಳಿನಷ್ಟು ಬಿಸಿಲು. ನಾವು ಹಾಗೆಯೇ ನಿಂತೆವು.

ಕೂಗಿದಾಗ ಪ್ಯಾಕಿಂಗ್ ವಿಭಾಗದ ಅಕ್ಕ ಬಂದು ಸಂದಿಯಲ್ಲಿ ಕಣ್ಣಿಟ್ಟರು. "ಏನ್ ಮೇಸ್ತ್ರಿ, ಒಳಗೇ ಸೆಟ್ಲ್ ಆಗ್ಬಿಟ್ರಾ?"

"ಊಂ ಕಣಮ್ಮ, ಬಟಾಣಿ ಜೊತೆ ನನ್ನೂ ಪ್ಯಾಕೆಟ್ ಮಾಡು."

ನಾನು ಮರದ ಆಸರೆ ಮತ್ತು ತಗಡು ಕತ್ತರಿಸುವ ಮಿಷನ್ ಬೇಕೆಂದಾಗ ಅವರ ನಗು ನಿಂತಿತು. ಓಡಿಹೋಗಿ ಹೇಳಿಬಂದರು. ಕೋಣೆಗೆ ಚಳಿಗಾಳಿ ಬೀಸುವ ಫ್ಯಾನುಗಳು ನಿಂತವು. ಚಳಿ ಮಾತ್ರ ಇದ್ದಲ್ಲೇ ಇತ್ತು. ಮರ ಗೊರಗುಂಟೆಪಾಳ್ಯದಿಂದ ಬರಬೇಕಿತ್ತು.

ಮೇಸ್ತ್ರಿಯ ಒದ್ದೆ ಗ್ಲೌಸು ಗಟ್ಟಿಯಾಗಿ ರಟ್ಟಿನಂತಾಗಿತ್ತು. ಎಳೆದು ತೆಗೆದಾಗ ಬಲಗೈಯ ಮೂರು ಬೆರಳು ಬೂದು ಬಣ್ಣಕ್ಕೆ ತಿರುಗಿದ್ದವು. ನನ್ನ ಒಣ ಗ್ಲೌಸನ್ನು ಅವರಿಗೆ ಕೊಟ್ಟೆ. ಎಷ್ಟು ಹೊತ್ತಿನ ಮೇಲೆ ಕೊಟ್ಟೆ ಎಂದು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ತಕ್ಷಣ ಕೊಡಲಿಲ್ಲ ಎಂಬುದಷ್ಟೇ ಖಚಿತ.

"ನೋವಿದೆಯಾ?" ಎಂದೆ.

"ಆಗ ಇತ್ತು ಸಾ. ಈಗಿಲ್ಲ. ಗಾರೆ ಕರಣೆ ಇಡಿಯಾಕ್ ಬಂದ್ರೆ ಸಾಕು," ಎಂದರು.

ಆಗ ನಾನು ಪೈಪಿನ ವಿಷಯ ಹೇಳಿದೆ. ನಾನು ಮುಚ್ಚಿಸಿದ್ದರಿಂದಲೇ ನೆಲ ಹೀಗಾಯಿತು ಎಂದೆ. ಅವರು ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೇಳಿಸಿಕೊಂಡರು.

"ಈಗ್ಯಾಕ್ ಸಾ ಅದು. ಬಾಗ್ಲು ನೋಡಿ," ಎಂದರು.

ಬಾಗಿಲ ಸಂದಿಯಲ್ಲಿ ಅಕ್ಕ ಮತ್ತೆ ಕಾಣಿಸಿಕೊಂಡರು. "ಕೈ ಕೊಡಿ ಮೇಸ್ತ್ರಿ ಇತ್ಲಾಗೆ. ಆಚೆ ಬಿಸಿ ಇದೆ." ಮೇಸ್ತ್ರಿ ಗ್ಲೌಸು ತೆಗೆದು ಬಲಗೈಯನ್ನು ಮೊಣಕೈವರೆಗೆ ಹೊರಗೆ ತೂರಿಸಿದರು. ಅವರ ಮೈಯೆಲ್ಲ ನನ್ನ ಪಕ್ಕದಲ್ಲಿ ನಡುಗುತ್ತಿತ್ತು, ಆ ಒಂದು ಕೈ ಮಾತ್ರ ಯಶವಂತಪುರದ ಬಿಸಿಲಿನಲ್ಲಿತ್ತು. ಅಕ್ಕ ಅದನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡು, "ಅಯ್ಯೋ, ಐಸ್ ಇದ್ದಂಗಿದೆ," ಎಂದರು.

ನಾನು ಹೇಳಿದೆ: "ಅಕ್ಕಾ, ಬಿಸಿ ಟೀ ತಂದು ಲೋಟ ಹಿಡಿಸಿ."

ಅವರು ಸ್ಟೀಲ್ ಲೋಟದಲ್ಲಿ ಆಗತಾನೇ ಕುದಿಸಿದ ಟೀ ತಂದರು. ಮೇಸ್ತ್ರಿಗೆ ಬೆರಳು ಮಡಿಸಲು ಬಾರದ್ದರಿಂದ ಅಕ್ಕನೇ ಒಂದೊಂದಾಗಿ ಮಡಿಸಿ ಲೋಟದ ಸುತ್ತ ಹಿಡಿಸಿದರು.

"ಬಿಸಿ ಗೊತ್ತಾಗ್ತಿದ್ಯಾ?"

"ಎಚ್ಚಾಗೇನಿಲ್ಲ. ಇನ್ನೊಂಚೂರು ಇರ್ಲಿ ಬುಡಮ್ಮ."

ಬಿಟ್ಟೆವು. ಲೋಟ ತಣ್ಣಗಾದಾಗ ಇನ್ನೊಂದು ತರಿಸಿದೆವು. ಒಳಗಿನಿಂದ ನನಗೆ ಆ ಕೈ ಸರಿಯಾಗಿ ಕಾಣುತ್ತಿರಲಿಲ್ಲ. ಅಕ್ಕನಿಗೆ ಕಾಣುತ್ತಿತ್ತು. ಕೈ ಕೆಂಪಗಾಗುತ್ತಿದೆ, ರಕ್ತ ಓಡುತ್ತಿದೆ ಎಂದು ಅವರು ಖುಷಿಯಿಂದ ಹೇಳಿದರು.

ಮರ ಬಂತು. ಕಂಬಕ್ಕೆ ಆಸರೆ ಕೊಟ್ಟು, ಬಾಗಿಲ ತಗಡು ಕೊಯ್ದು ನಮ್ಮನ್ನು ಹೊರಗೆ ಎಳೆದುಕೊಳ್ಳುವಾಗ ಹನ್ನೆರಡು ದಾಟಿ ಹತ್ತು ನಿಮಿಷ. ಬಿಸಿಲಿಗೆ ಬಂದ ಮೇಲೆ ಮೇಸ್ತ್ರಿಯ ಬೆರಳುಗಳನ್ನು ನೋಡಿದೆ. ಮೂರರ ಮೇಲೂ ಬೊಬ್ಬೆ ಎದ್ದು, ಲೋಟ ತಾಗಿದ ಕಡೆ ಚರ್ಮ ಸುಲಿದಿತ್ತು. ಮತ್ತಿಕೆರೆಯ ಡಾಕ್ಟರಮ್ಮ ನೋಡಿ, "ಇದರಲ್ಲಿ ಚಳಿಗಿಂತ ಬಿಸಿಯ ಗಾಯವೇ ಜಾಸ್ತಿ. ಮರಗಟ್ಟಿದ ಕೈಗೆ ಸುಡೋದು ಗೊತ್ತಾಗಲ್ಲ ಕಣ್ರೀ. ಲೋಟ ಹಿಡಿಸಿದ್ದು ಯಾರು?" ಎಂದರು. "ನಾನೇ ಹೇಳಿ ಹಿಡಿಸಿದ್ದು," ಎಂದೆ.

ತಿಂಗಳ ಮೇಲೆ ಕಟ್ಟು ಬಿಚ್ಚಿಸಲು ಇಬ್ಬರೂ ಹೋದೆವು. ಬೆರಳು ಉಳಿದಿದ್ದವು. ಸ್ಪರ್ಶ ಉಳಿದಿದೆಯೇ ಎಂದು ನೋಡಬೇಕು ಎಂದರು ಡಾಕ್ಟರಮ್ಮ. ಮೇಸ್ತ್ರಿ ಗೋಡೆಯ ಕಡೆ ಮುಖ ತಿರುಗಿಸಿ ಕುಳಿತುಕೊಳ್ಳಬೇಕು, ಸೂಜಿ ತಾಗಿದಾಗಲೆಲ್ಲ ಹೇಳಬೇಕು. ಹೆಬ್ಬೆರಳಿಗೆ "ಊಂ" ಎಂದರು. ತೋರುಬೆರಳಿಗೂ "ಊಂ". ಡಾಕ್ಟರಮ್ಮ ನಡುಬೆರಳಿಗೆ ಸೂಜಿ ತರುವ ಮೊದಲು ಒಂದು ಕ್ಷಣ ತಡೆದರು.

"ಊಂ," ಎಂದರು ಮೇಸ್ತ್ರಿ.

ಸೂಜಿ ಇನ್ನೂ ಬೆರಳಿನಿಂದ ಒಂದು ಅಂಗುಲ ಮೇಲಿತ್ತು. ಡಾಕ್ಟರಮ್ಮ ನನ್ನ ಮುಖ ನೋಡಿದರು. ಮೇಸ್ತ್ರಿ ಗೋಡೆಯನ್ನೇ ನೋಡುತ್ತ, "ಎಲ್ಲಾ ಗೊತ್ತಾಯ್ತದೆ ಮೇಡಮ್, ಸೋಮವಾರದಿಂದ ಕೆಲ್ಸಕ್ಕೋಯ್ತೀನಿ," ಎನ್ನುತ್ತಿದ್ದರು.

"ಮೇಸ್ತ್ರಿ," ಎಂದೆ, "ಅವರು ಇನ್ನೂ ಮುಟ್ಟಿಲ್ಲ."